ಕೆಂಪು ಕಾರಿನ ಬಲಗಾಲಿ

ಕೊರೊನಾ ಮುಗಿದ ಮರುವರ್ಷದ ಮಾತು. ಪುಣೆಯ ಕಾರ್ ಸರ್ವಿಸ್ ಸೆಂಟರಿನ ಕೆಲಸ ಬಿಟ್ಟು ಬಂದು, ಜಮಖಂಡಿಯಲ್ಲಿ ನನ್ನದೇ ವೀಲ್ ಅಲೈನ್‌ಮೆಂಟ್ ಅಂಗಡಿ ಹಾಕಿ ಆಗಲೇ ಬಹಳ ವರ್ಷವಾಗಿತ್ತು. ಮಹಾಲಿಂಗಪುರದ ಬೆಲ್ಲದ ಪಿಕಪ್, ಬಾಡಿಗೆ ಜೀಪು, ಮೇಷ್ಟ್ರ ಸಣ್ಣ ಕಾರು, ನನ್ನ ಕೈಗೆ ಬರುತ್ತಿದ್ದದ್ದು ಇವೇ. ಅಂಥದರಲ್ಲಿ ಒಂದು ಮುಂಜಾನೆ ನೆಲಕ್ಕೆ ಹೊಟ್ಟೆ ಹಚ್ಚಿದಂಥ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಬಂದು ನಿಂತಿತು. ಸುಳ್ಳು ಯಾಕೆ ಹೇಳಲಿ, ಕೈಯಲ್ಲಿದ್ದ ಚಹಾ ಕುಡಿಯುವುದೇ ಮರೆತುಹೋಯಿತು.

ಇಳಿದವರು ಬನಹಟ್ಟಿಯ ಈರಪ್ಪನವರು. ಅರವತ್ತು ದಾಟಿದ ಪವರ್‌ಲೂಮ್ ಮಾಲೀಕರು. ಮಗ್ಗಗಳನ್ನು ಮಕ್ಕಳಿಗೆ ವಹಿಸಿಕೊಟ್ಟು, ಹರೆಯದಿಂದ ಬಚ್ಚಿಟ್ಟುಕೊಂಡಿದ್ದ ಆಸೆಗೆ ಈ ಕಾರನ್ನು ಸೆಕೆಂಡ್ ಹ್ಯಾಂಡ್ ತಂದಿದ್ದರು.

“ತೊಂಬತ್ತು ದಾಟಿತಂದ್ರ ಸ್ಟೇರಿಂಗ್ ಚಳಿಜ್ವರ ಬಂದವರಂಗ ನಡಗತೈತ್ರಿ ಇಂಜಿನಿಯರ್ರ. ಮೂರು ಗ್ಯಾರೇಜ್ ಆದೂವು. ಕಡಿಮಿ ಆಗೂದ ಬಿಟ್ಟು ಜಾಸ್ತೀನ ಆಗಾಕತ್ತೈತಿ,” ಎಂದರು. ಆಮೇಲೆ ದನಿ ತಗ್ಗಿಸಿ, “ಮುಂದಿನ ಅಮಾಸಿ ಒಳಗ ರಿಪೇರಿ ಆಗಲಿಲ್ಲಂದ್ರ ಮಾರಬೇಕಂತ ಮನ್ಯಾಗ ಹಟ ಹಿಡದಾಳ್ರಿ. ನೀವ ಏನಾರ ಮಾಡ್ರಿ,” ಎಂದರು. ಕಾರಿನ ಬಾನೆಟ್ಟಿನ ಮೇಲೆ ಎತ್ತಿನ ಬೆನ್ನು ಸವರುವಂತೆ ಅವರ ಕೈ ಆಡುತ್ತಿತ್ತು.

ಇಂಥ ನಡುಕಕ್ಕೆ ಒಂದು ಲೆಕ್ಕವಿದೆ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಸಾಮಾನ್ಯವಾಗಿ ದೋಷ ಡಿಸ್ಕಿನದು. ಸ್ಟೇರಿಂಗ್ ನಡುಗಿದರೆ ಮುಂದಿನ ಗಾಲಿಯನ್ನು ನೋಡಬೇಕು, ಸೀಟು ನಡುಗಿದರೆ ಹಿಂದಿನದನ್ನು. ಒಂದು ವೇಗದಲ್ಲಿ ಮಾತ್ರ ನಡುಗಿ ಅದನ್ನು ದಾಟಿದ ಮೇಲೆ ತಗ್ಗಿದರೆ, ಗಾಲಿಯ ಸುತ್ತ ತೂಕ ಸಮ ಇಲ್ಲ ಎಂದರ್ಥ. ಮುಧೋಳ ರಸ್ತೆಗೆ ಒಯ್ದು ನಾನೇ ಓಡಿಸಿದೆ. ಎಂಬತ್ತರವರೆಗೆ ಕಾರು ಎಣ್ಣೆಯಲ್ಲಿ ಜಾರಿದಂತೆ ಹೋಯಿತು. ತೊಂಬತ್ತಕ್ಕೆ ಸ್ಟೇರಿಂಗ್ ಕೈ ಜಾಡಿಸಿತು. ನೂರಾ ಹದಿನೈದಕ್ಕೆ ಮತ್ತೆ ಸಣ್ಣಗಾಯಿತು. ಇಷ್ಟೇನಾ, ಚಹಾ ಕುಡಿಯುವುದರೊಳಗೆ ಮುಗಿಸುತ್ತೇನೆ ಅಂದುಕೊಂಡೆ.

ನನ್ನ ಹಳೆಯ ಮೆಕ್ಯಾನಿಕ್ ಇಮಾಮಸಾಬ ಮುಂದಿನ ಎರಡೂ ಗಾಲಿ ಬಿಚ್ಚಿ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಹಾಕಿದ. ಯಂತ್ರ ಸೊನ್ನೆ ತೋರಿಸಿತು. ಎಲ್ಲ ಸಮ. ಮತ್ತೆ ರಸ್ತೆಗೆ ಹೋದರೆ ಅದೇ ನಡುಕ! ರಿಮ್ ಸೊಟ್ಟಗಿದೆಯೇ ನೋಡಿದೆವು, ಇರಲಿಲ್ಲ. ಬೇರಿಂಗ್ ಗಟ್ಟಿ, ಟೈರು ಹೊಸದು. ಮುಂದಿನ ಗಾಲಿಗಳನ್ನು ಹಿಂದಕ್ಕೆ ಹಾಕಿಸಿ ಓಡಿಸಿದೆ. ಈ ಸಲ ಸ್ಟೇರಿಂಗ್ ಸುಮ್ಮನಿತ್ತು, ಸೀಟು ನಡುಗಿತು. ಅಂದಮೇಲೆ ಕಳ್ಳ ಆ ಗಾಲಿಗಳಲ್ಲೇ ಇದ್ದಾನೆ. ಆದರೆ ಯಂತ್ರ ಮತ್ತೆ ಸೊನ್ನೆಯನ್ನೇ ತೋರಿಸುತ್ತಿದೆ. ಯಂತ್ರವೇ ಸುಳ್ಳು ಹೇಳುತ್ತಿದೆಯೋ ಎಂದು ಬೇರೆ ಗಾಲಿಗೆ ಬೇಕೆಂತಲೇ ಸೀಸದ ತುಂಡು ಅಂಟಿಸಿ ಹಾಕಿದೆ. ಕೂಡಲೇ ಹಿಡಿಯಿತು. ಎಲಾ ಇದರ! ಊಟದ ಡಬ್ಬಿ ಬಿಚ್ಚುವ ಮನಸ್ಸೂ ಆಗಲಿಲ್ಲ.

ಕಾರಿನಲ್ಲಿ ನಡುಗುವ ಗಾಲಿ ಯಂತ್ರಕ್ಕೆ ಬರುವಷ್ಟರಲ್ಲಿ ಬದಲಾಗುವುದು ಏನು? ಅದನ್ನೇ ಕಣ್ಣಾರೆ ನೋಡಬೇಕೆಂದು ಸ್ಟೂಲು ಎಳೆದುಕೊಂಡು ಇಮಾಮಸಾಬನ ಪಕ್ಕ ಕೂತೆ. ಅವನು ಗಾಲಿ ಬಿಚ್ಚಿದ. ಅದರ ಸ್ಪೋಕ್ ಕಡ್ಡಿಯ ಹಿಂದೆ ಕೈ ತೂರಿಸಿ ಕಪ್ಪು ದಾರವೊಂದನ್ನು ಬಿಚ್ಚಿ, ಏನನ್ನೋ ಶುಭ್ರ ಬಟ್ಟೆಯ ಮೇಲೆ ಮೆತ್ತಗೆ ಇಟ್ಟ. ಕಪ್ಪು ಗಾಲಿಗೆ ಕಪ್ಪು ದಾರ, ಅದಕ್ಕೇ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

“ಏನೋ ಅದು?”

“ತಾಯತ ರೀ ಸರ. ಗಾಲಿಗೆ ಮಣ್ಣು ಸೈತ ಇರಬಾರದು, ಎಲ್ಲಾ ತಗದ ಮಷೀನಿಗೆ ಹಾಕಂತ ನೀವ ಹೇಳೀರಿ. ಬ್ಯಾಲೆನ್ಸ್ ಆದಮ್ಯಾಲೆ ಇದ್ದಲ್ಲೇ ಕಟ್ಟತೇನಿ. ಮಂದಿ ದೇವರನ್ನ ಒಗ್ಯಾಕ ಬರತೈತೇನ್ರಿ?”

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಹಿಂದಿನ ಮೂರು ಗ್ಯಾರೇಜಿನವರೂ ಇದನ್ನೇ ಮಾಡಿರಬೇಕು. ನಮ್ಮ ಕಡೆ ಯಾವ ಮೆಕ್ಯಾನಿಕ್ಕು ಮತ್ತೊಬ್ಬರ ತಾಯತ ಎಸೆದಾನು? ಬಟ್ಟೆಯ ಮೇಲಿದ್ದವು ತಾಮ್ರದ ನಾಲ್ಕು ತಾಯತ, ಎಲ್ಲವೂ ಒಂದೇ ಕಡ್ಡಿಯವು. ತೂಗಿದರೆ ನಲವತ್ತು ಗ್ರಾಮಿನ ಮೇಲೆ. ನಾವು ಗಾಲಿಯನ್ನು ಸಮ ಮಾಡುವುದು ಐದೈದು ಗ್ರಾಮಿನ ತುಂಡಿನಿಂದ!

“ನನಗ ಗೊತ್ತ ಇಲ್ರೀ ಇದು!” ಎಂದು ಈರಪ್ಪನವರು ಕೆಂಪಾಗಿ ಮನೆಗೆ ಫೋನ್ ಹಚ್ಚಿದರು.

ಅವರ ಹೆಂಡತಿ ಸುಶೀಲವ್ವ ಮಧ್ಯಾಹ್ನದ ಬಸ್ಸಿಗೆ ಬಂದರು. ಬಟ್ಟೆಯ ಮೇಲಿನ ತಾಯತ ಕಂಡವರೇ ಸೆರಗು ಸರಿಮಾಡಿಕೊಂಡು, ನನ್ನ ಕಡೆ ತಿರುಗಿ ಹೇಳಿದರು: “ಗಾಡಿ ತಂದ ವಾರದಾಗ ಇವರು ಓಡಿಸೂದು ನೋಡಿ ಎದಿ ಝಲ್ಲಂದಿತ್ರಿ. ಮಠದ ಅಜ್ಜಾರ ಕಡೆ ತಾಯತ ತಂದು, ಇವರು ಕೂಡ್ರು ಬದಿ ಗಾಲಿಗೆ ಕಟ್ಟಿದೆ. ಮುಂದ ಗಾಡಿ ನಡಗಾಕತ್ತೈತಿ ಅಂದ್ರು. ಮತ್ತ ಅಂಜಿಕಿ ಆತು. ಅಮಾಸಿಗೊಂದು ಕಟ್ಟಿಕೋತ ಹೋದೆ.”

“ತಾಯತದ ತಪ್ಪಲ್ರೀ ಅಕ್ಕಾರ. ತೂಕ ಒಂದ ಕಡೆ ಬಿತ್ತು, ಅಷ್ಟ,” ಎಂದೆ.

ಸುಶೀಲವ್ವ ಗಾಲಿಯ ಕಡ್ಡಿ ಮುಟ್ಟಿ ನೋಡಿದರು. “ಹಂಗಾದ್ರ ನಾ ಅಂಜಿದಷ್ಟೂ ಗಾಡಿ ನಡಗೇತಿ,” ಎಂದರು. ಕಣ್ಣು ತುಂಬಿಬಂದವು. ಬೈಯಲೆಂದೇ ನಿಂತಿದ್ದ ಈರಪ್ಪನವರು ಸ್ಟೂಲು ಎಳೆದು ಅವರನ್ನು ಕೂರಿಸಿದರು. ನಾನು ನಟ್ಟು ಬಿಚ್ಚುವ ಪಾನಾ ಒರೆಸುತ್ತಾ ನಿಂತೆ.

ಗಾಲಿಗಳನ್ನು ಮೊದಲಿನ ಜಾಗಕ್ಕೆ ಹಾಕಿ, ತಾಯತವಿಲ್ಲದೆ ಗಂಡ ಹೆಂಡತಿ ಇಬ್ಬರನ್ನೂ ಕಳಿಸಿಕೊಟ್ಟೆ. ತಿರುಗಿ ಬಂದಾಗ ಈರಪ್ಪನವರು ಇಳಿಯುವ ಮೊದಲೇ ಕೂಗಿದರು: “ನೂರಕ್ಕ ಎರಡ ಬೆರಳಾಗ ಹಿಡದೀನ್ರಿ ಸ್ಟೇರಿಂಗ್!” ಸುಶೀಲವ್ವ ಇಳಿದು ಬಂದು, ಬಟ್ಟೆಯ ಮೇಲಿನ ಒಂದು ತಾಯತ ಎತ್ತಿಕೊಂಡರು. “ಗಾಡಿ ತಗೊಂಡು ನಾ ಏನ್ ಮಾಡ್ಲಿ? ಓಡಸವರು ಮನಿಗೆ ಬಂದ್ರ ಸಾಕು,” ಎಂದವರೇ ಅದನ್ನು ಗಂಡನ ಬಲಗೈಗೆ ಬಿಗಿಯಾಗಿ ಕಟ್ಟಿದರು. ಮಾರುವ ಮಾತು ಅಲ್ಲಿಗೆ ಮುಗಿಯಿತು.

ಯಂತ್ರ ಹೇಳುವುದು ತನ್ನ ಮೇಲಿರುವ ಗಾಲಿಯ ಮಾತನ್ನಷ್ಟೇ. ಗಾಡಿ ಒಂದು ಮನೆಯಲ್ಲಿರುತ್ತದೆ, ಅಲ್ಲಿ ಮನುಷ್ಯರಿರುತ್ತಾರೆ. ಅದಕ್ಕೇ ಈಗ ಯಾರು ನಡುಕ ಎಂದು ಬಂದರೂ ಪಾನಾ ಹಿಡಿಯುವ ಮೊದಲು ಕೇಳುತ್ತೇನೆ: “ಈ ಗಾಡಿಗೆ ಮನ್ಯಾಗ ಯಾರು ಅಂಜ್ತಾರ್ರಿ?” ಮೊದಲು ನಗುತ್ತಾರೆ, ಆಮೇಲೆ ಹೇಳುತ್ತಾರೆ.

ಈರಪ್ಪನವರು ಈಗಲೂ ಬರುತ್ತಾರೆ. ದಾರ ಬದಲಾದರೂ ತಾಯತ ಕೈಯಲ್ಲೇ ಇದೆ. ಸ್ಟೇರಿಂಗ್ ಹಿಡಿದಾಗಲೆಲ್ಲ ಅದೇ ಕಣ್ಣಿಗೆ ಬೀಳುತ್ತದಂತೆ. ಹಾಗಾಗಿ ಆ ಕಾರು ಎಂಬತ್ತು ದಾಟುವುದನ್ನೇ ಬಿಟ್ಟಿದೆ.