ಚಿಕ್ಕಮ್ಮನಿಗೆ ಯಾರು ನೀರು ಹಾಕಬೇಕು?

ಸ್ನೇಹಿತರೇ, ಇವತ್ತು ಬೆಳಿಗ್ಗೆ ನಮ್ಮ ಸರೋಜ ಚಿಕ್ಕಮ್ಮ ತೀರಿಕೊಂಡರು. ಮಂಡಿ ಮೊಹಲ್ಲಾದಲ್ಲಿ ಯಾರ ಮನೆಯ ಹೆಂಗಸು ಸತ್ತರೂ, ಹೆಣ ಮುಟ್ಟುವವರಿಲ್ಲ ಎಂದರೆ ಚಿಕ್ಕಮ್ಮನೇ ಹೋಗಿ ಸ್ನಾನ ಮಾಡಿಸಿ, ತಲೆ ಬಾಚಿ, ಸೀರೆ ಉಡಿಸಿ ಬರುತ್ತಿದ್ದರು.

ಇವತ್ತು ಅವರಿಗಾಗಿ ಅಂಗಳದಲ್ಲಿ ನೀರು ಕಾಯುತ್ತಿದ್ದಾಗ ಬೀದಿಯ ಹೆಂಗಸರೆಲ್ಲ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದರು. ಚಿಕ್ಕಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಅಡ್ಡ ನಿಂತರು.

"ಇದು ಮನೆಯವರು ಮಾಡೋ ಕೆಲ್ಸ ಕಣ್ರೀ. ನೀವೆಲ್ಲ ಏನಾಗ್ಬೇಕು ಇವ್ಳಿಗೆ?"

ಸೊಪ್ಪು ಮಾರುವ ಜಯಮ್ಮ ಬಿಡಲಿಲ್ಲ. "ಕಾಯ್ಲೆ ಅಂಟ್ಕೊತದೆ ಅಂತ ನಮ್ಮವ್ವನ್ನ ನಾನೇ ಮುಟ್ನಿಲ್ಲ ಕಣಮ್ಮ. ಇವ್ರು ಬಂದು ಮುಟ್ಟುದ್ರು. ಏನಾಗ್ಬೇಕು ಅಂತ ನೀವೇ ಏಳ್ಬುಡಿ."

ದೊಡ್ಡಮ್ಮ ಅಳುತ್ತಲೇ ಚೊಂಬನ್ನು ಜಯಮ್ಮನ ಕೈಗೆ ಕೊಟ್ಟರು.

ಮಕ್ಕಳಿಲ್ಲದ ಇವಳಿಗೆ ಕೊನೆಗಾಲಕ್ಕೆ ಯಾರಪ್ಪಾ ಅಂತ ನಾವು ನೆಂಟರೆಲ್ಲ ಸೇರಿದಾಗಲೆಲ್ಲ ಕೊರಗುತ್ತಿದ್ದೆವು. ಇವತ್ತು ಆ ಅಂಗಳದಲ್ಲಿ ನೆಂಟರಿಗೇ ನಿಲ್ಲಲು ಜಾಗ ಸಿಗಲಿಲ್ಲ.