ಹೆಂಚಿನ ಕಿವಿ

ಲ್ಯಾನ್ಸ್‌ಲೊಟ್ ಕುಟಿನ್ಹೊನ ಅಪ್ಪ ಬೊನಿಫಾಸ್, ಎಂಬತ್ತನೆಯ ವಯಸ್ಸಿನಲ್ಲಿ ಮಂಗಳೂರು ಬಿಟ್ಟು ಸಿಡ್ನಿಗೆ ಬಂದಾಗ ಸೂಟ್‌ಕೇಸಿನಲ್ಲಿ ನಾಲ್ಕು ಜೊತೆ ಬಟ್ಟೆ, ಒಂದು ಜಪಮಾಲೆ ಮತ್ತು ಒಂದು ಹೆಂಚು ತಂದಿದ್ದರು. ಮನೆಯ ಮಾಡಿಗೆ ಹೊದಿಸುವ ಹೆಂಚು. ಏರ್‌ಪೋರ್ಟಿನ ಆಫೀಸರಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಸಂದಿಯಲ್ಲಿ ಮಣ್ಣಿದೆ, ಬಿಡುವುದಿಲ್ಲ ಎಂದಳು. ಮುದುಕರು ಅಲ್ಲೇ ಕುರ್ಚಿ ಹಿಡಿದು ಕೂತುಬಿಟ್ಟರು. ಕೊನೆಗೆ ಲ್ಯಾನ್ಸ್‌ಲೊಟ್ ಆಕೆಯ ಕೈಕಾಲು ಹಿಡಿಯುವುದೊಂದು ಬಾಕಿ ಎನ್ನುವಷ್ಟು ಬೇಡಿಕೊಂಡ ಮೇಲೆ ಆಫೀಸಿನವರೇ ಅದನ್ನು ಬ್ರಷ್ಷಿನಿಂದ ತಿಕ್ಕಿ ತೊಳೆದು ಕೊಟ್ಟರು. ಮಾಡು ಕಳಚಿಕೊಂಡು ಬಂದವರನ್ನು ಆಕೆ ಅದಕ್ಕೆ ಮುಂಚೆ ನೋಡಿರಲಿಕ್ಕಿಲ್ಲ.

ಆ ಹೆಂಚಿಗೆ ಒಂದು ಕಿವಿ ಇತ್ತು. ಕೆಳಮೈಯಲ್ಲಿ, ಬೆರಳು ತೂರುವಷ್ಟು ಅಗಲದ ಮಣ್ಣಿನ ಬಳೆ. ಅದರೊಳಗೆ ತಂತಿ ಪೋಣಿಸಿ ಮಾಡಿನ ರೀಪಿಗೆ ಬಿಗಿದರೆ ಎಂಥ ಗಾಳಿ ಬಂದರೂ ಹೆಂಚು ಏಳುವುದಿಲ್ಲ. ಕಿವಿಯ ಪಕ್ಕದಲ್ಲಿ, ಸುಡುವ ಮುಂಚೆ ಮೊಳೆಯಿಂದ ಗೀರಿದ ಒಂದು ಇಂಗ್ಲಿಷ್ ಅಕ್ಷರ, ಬಾಲ ಉದ್ದಕ್ಕೆ ಇಳಿಬಿಟ್ಟ ಎಸ್. ಸಾಲ್ವದೋರ್ ಎಂಬುದರ ಎಸ್. ಸಾಲ್ವದೋರ್ ಅಂದರೆ ಬೊನಿಫಾಸರ ಅಪ್ಪ, ಲ್ಯಾನ್ಸ್‌ಲೊಟ್‌ನ ಅಜ್ಜ, ನೇತ್ರಾವತಿ ದಂಡೆಯ ಹೆಂಚಿನ ಕಾರ್ಖಾನೆಯೊಂದರಲ್ಲಿ ಅಚ್ಚು ಮಾಡುತ್ತಿದ್ದವರು; ಮುಂದೆ ಬೊನಿಫಾಸರೂ ಅದೇ ಕೆಲಸಕ್ಕೆ ಸೇರಿದರು.

ಕಿವಿಯನ್ನು ಕಂಡುಹಿಡಿದವರು ತನ್ನ ಅಪ್ಪ ಎಂದು ಬೊನಿಫಾಸ್ ಸಾಯುವ ತನಕ ಹೇಳಿದರು. ೧೯೧೧ರಲ್ಲಿ ಅಪ್ಪ ಅಚ್ಚು ಮಾಡಿ ತೋರಿಸಿದ್ದು, ಕಾರ್ಖಾನೆಯ ಬಿಳಿ ಸಾಹೇಬ ಅದನ್ನು ತನ್ನ ಹೆಸರಿಗೆ ಪೇಟೆಂಟ್ ಮಾಡಿಸಿಕೊಂಡದ್ದು, ಆ ಹೆಂಚು ಹಡಗು ಹತ್ತಿ ಆಸ್ಟ್ರೇಲಿಯಾಕ್ಕೂ ಬಂದದ್ದು. ಸಿಡ್ನಿಯ ಟೂಂಗಾಬಿಯಲ್ಲಿದ್ದ ಮಗನ ಮನೆಗೆ ಯಾರೇ ಊಟಕ್ಕೆ ಬರಲಿ, ಸನ್ನಾಸ್ ಇಡ್ಲಿ ತಟ್ಟೆಗೆ ಬೀಳುವ ಮುಂಚೆ ಹೆಂಚು ಮೇಜಿನ ಮೇಲೆ ಬರುತ್ತಿತ್ತು. ಚರ್ಚಿನಲ್ಲಿ ಸಿಗುವ ಮಂಗಳೂರಿನವರು ಹಿಂದಿನಿಂದ ನಗುತ್ತಿದ್ದರು. ಮುದುಕರಿಗೆ ಅದು ಗೊತ್ತಿತ್ತು. ಗ್ಲಾಕೋಮಾದಿಂದ ಕಣ್ಣು ಹೋದ ಮೇಲೆ ಕಿವಿ ಇನ್ನಷ್ಟು ಚುರುಕಾಗಿತ್ತು.

ಲ್ಯಾನ್ಸ್‌ಲೊಟ್ ಒಳ್ಳೆಯ ಮನುಷ್ಯ, ಅದೇ ಅವನ ತೊಂದರೆ. ಆಸ್ಪತ್ರೆಯೊಂದರ ಮೆಂಟೆನೆನ್ಸ್ ವಿಭಾಗದಲ್ಲಿ ಫಿಟ್ಟರ್. ಯಾರ ಮನಸ್ಸೂ ನೋಯಬಾರದು ಅವನಿಗೆ. ಸಾರಿಗೆ ಉಪ್ಪು ಬಿದ್ದಿಲ್ಲವಾದರೂ ಚೆನ್ನಾಗಿದೆ ಅನ್ನುತ್ತಿದ್ದ. ಹೆಂಡತಿ ಲೂರ್ಡ್ಸ್ ಅವನ ಮಾತು ನಂಬದೆ ತಾನೇ ರುಚಿ ನೋಡುತ್ತಿದ್ದಳು. ಈ ಚಾಳಿಯನ್ನು ಮನೆಯವರು ಇಷ್ಟು ವರ್ಷ ನಕ್ಕು ಬಿಟ್ಟಿದ್ದರು.

೨೦೦೩ರ ಜೂನ್‌ನಲ್ಲಿ ಡಾಕ್ಟರು, ಇನ್ನು ಹೆಚ್ಚೆಂದರೆ ಎರಡು ತಿಂಗಳು ಎಂದರು. ಬೊನಿಫಾಸರಿಗೆ ಆಗ ಎಂಬತ್ತೊಂಬತ್ತು. ಆಸ್ಪತ್ರೆ ಬೇಡ ಎಂದು ಹಟ ಹಿಡಿದು ಮನೆಗೆ ಬಂದವರು, ಮಗನನ್ನು ಮಂಚದ ಪಕ್ಕ ಕೂರಿಸಿಕೊಂಡರು. ಅವರ ಮನೆಮಾತು ಕೊಂಕಣಿ; ಇಲ್ಲಿ ಅದನ್ನು ಅವರ ಊರಿನ ಕನ್ನಡದಲ್ಲೇ ಹೇಳಬೇಕಾಗಿದೆ.

"ಲ್ಯಾನ್ಸಿ, ನನಗೆ ಬೇರೆ ಎಂತದೂ ಬೇಡ. ಅಪ್ಪನ ಹೆಸರು ಆ ಕಾಗದದಲ್ಲಿ ಉಂಟಾ ಇಲ್ಲವಾ, ಅಷ್ಟು ನೋಡಿ ಬಾ."

"ಯಾವ ಕಾಗದ ಪಪ್ಪಾ?"

"ಪೇಟೆಂಟಿದ್ದು. ಮೆಲ್ಬರ್ನ್‌ಗೆ ಕಳಿಸಿದ್ದು ಅಂತ ಅಪ್ಪ ಹೇಳಿದ್ರು. ಎಲ್ಲಿಯಾದರೂ ಇಟ್ಟಿರ್ತಾರೆ. ಈ ದೇಶದವರು ಕಾಗದ ಬಿಸಾಡುವವರಲ್ಲ."

"ಸಾಹೇಬನ ಹೆಸರೆಂತ?"

ಮುದುಕರು ಮುಖ ಆ ಕಡೆ ಮಾಡಿದರು. ಆ ಹೆಸರು ಅವರ ಮನೆಯಲ್ಲಿ ತೊಂಬತ್ತು ವರ್ಷದಿಂದ ಯಾರ ಬಾಯಲ್ಲೂ ಬಂದಿರಲಿಲ್ಲ. ಸಾಲ್ವದೋರ್ ಅಜ್ಜ ಮನೆಯ ದೇವರ ಪೀಠದ, ಅಲ್ತಾರಿನ, ಮುಂದೆ ಹೆಂಡತಿ ಮಕ್ಕಳಿಂದ ಆಣೆ ಹಾಕಿಸಿದ್ದರಂತೆ, ಅವನ ಹೆಸರು ಈ ಮನೆಯಲ್ಲಿ ಹೇಳಕೂಡದು ಎಂದು. ಎಲ್ಲರೂ 'ಆ ಮನುಷ್ಯ' ಅಂದರು, ಅನ್ನುತ್ತಲೇ ಇದ್ದರು. ಮಾನ ಉಳಿಸಿಕೊಳ್ಳಲು ಮಾಡಿದ ಆಣೆಯಿಂದ ಹುಡುಕಲು ಬೇಕಾದ ಒಂದೇ ಒಂದು ಎಳೆಯೂ ಕಳೆದುಹೋಗಿತ್ತು. ಸಾವಿನ ಹಾಸಿಗೆಯಲ್ಲೂ ಬೊನಿಫಾಸ್ ಆಣೆ ಮುರಿಯಲಿಲ್ಲ.

ಲ್ಯಾನ್ಸ್‌ಲೊಟ್‌ನ ಮಗಳು ಜೊವಾನಿಟಾ ಇಂಟರ್ನೆಟ್ಟಿನಲ್ಲಿ ತಡಕಿ, "ಡ್ಯಾಡ್, ಇಟ್ಸ್ ಟೂ ಓಲ್ಡ್" ಎಂದು ಕೈಚೆಲ್ಲಿದಳು. ಆಗ ಲ್ಯಾನ್ಸ್‌ಲೊಟ್‌ಗೆ ನೆನಪಾದವರು ಮೂರ್ತಿ. ಮೈಸೂರಿನವರು, ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯಲ್ಲಿ ಮನೆ, ಕೆಲಸ ಪೇಟೆಂಟ್ ವಕೀಲರೊಬ್ಬರ ಆಫೀಸಿನಲ್ಲಿ ಹಳೆಯ ಪೇಟೆಂಟುಗಳನ್ನು ಹುಡುಕಿಕೊಡುವುದು. ಸಿಡ್ನಿಯ ಕನ್ನಡ ಸಂಘದ ಊಟದ ಸಾಲಿನಲ್ಲಿ ಒಮ್ಮೆ ಬಿಸಿಬೇಳೆಬಾತಿಗೆ ಕಾಯುತ್ತಾ ಪರಿಚಯವಾಗಿತ್ತು. ಫೋನ್ ಮಾಡಿದರೆ ಮೂರ್ತಿ, "ಬನ್ನಿ ಸಾರ್, ನೋಡೋಣ, ಆದ್ರೆ ಹೆಸರಿಲ್ದೆ ಕಷ್ಟ" ಎಂದರು.

ಲ್ಯಾನ್ಸ್‌ಲೊಟ್ ಹನ್ನೊಂದು ಗಂಟೆ ದಾರಿಯ ರೈಲು ಹಿಡಿದು ಮೆಲ್ಬರ್ನ್‌ಗೆ ಹೋದ. ಒಂದು ಸಲ ಅಲ್ಲ, ಮೂರು ಸಲ. ಮೊದಲ ಸಲ ಲೈಬ್ರರಿಯಲ್ಲಿ ಅರ್ಜಿದಾರರ ಹೆಸರುಗಳ ಪಟ್ಟಿ ನೋಡಿದರು. ಕುಟಿನ್ಹೊ ಎಂಬವರು ಯಾವ ವರ್ಷದಲ್ಲೂ ಇರಲಿಲ್ಲ. ಎರಡನೆಯ ಸಲ, ವಿಷಯದ ಪ್ರಕಾರ ಮಾಡಿದ ಪಟ್ಟಿಯಲ್ಲಿ ಮಾಡು, ಹೆಂಚು, ತಗಡು ಎಂದೆಲ್ಲ ಹುಡುಕಿ ಒಂದು ಹೊರೆ ನಂಬರು ಬರೆದುಕೊಂಡರು. ಮನೆಗೆ ಮರಳಿದರೆ ಅಪ್ಪ ಗಂಜಿಯನ್ನೂ ಬಿಟ್ಟಿದ್ದರು.

"ಸಿಕ್ಕಿತಾ?"

"ಇನ್ನೂ ಇಲ್ಲ ಪಪ್ಪಾ."

"ಬೇಗ ಹುಡುಕು ಮಗಾ. ನನಗೆ ಟೈಮ್ ಇಲ್ಲ."

ಮೂರನೆಯ ಸಲ ಹೋದಾಗ ಜುಲೈ ಮುಗಿಯುತ್ತಾ ಬಂದಿತ್ತು. ಮೂರ್ತಿಯವರು ರಜೆ ಹಾಕಿದ್ದರು. ಇಬ್ಬರೂ ಅಕ್ಕಪಕ್ಕದ ಮೈಕ್ರೋಫಿಲ್ಮ್ ಯಂತ್ರಗಳ ಮುಂದೆ ಕೂತು ಹಿಡಿಕೆ ತಿರುಗಿಸುತ್ತಾ ಹೋದರು. ತೊಂಬತ್ತು ವರ್ಷದ ಹಿಂದಿನ ಜನರ ತಲೆಬಿಸಿಯೆಲ್ಲ ಒಂದೊಂದಾಗಿ ಪರದೆಯ ಮೇಲೆ ಬಂತು. ಹೆಂಗಸರ ಟೋಪಿಯ ಪಿನ್ನು ಪಕ್ಕದವರ ಕಣ್ಣಿಗೆ ಚುಚ್ಚದಂತೆ ಒಂದು ಮುಚ್ಚಳ. ಮೊಲ ಹಿಡಿಯುವ ಬೋನು. ಕುದುರೆ ಮೇಲೆ ಕೂತೇ ತೆಗೆಯಬಹುದಾದ ಗೇಟಿನ ಚಿಲಕ. ಬೆಣ್ಣೆ ಕಡೆಯುವ ಪೀಪಾಯಿ, ಗಾಳಿಗೆ ಹಾರದ ಬಟ್ಟೆ ಕ್ಲಿಪ್ಪು, ಹಾಲು ಉಕ್ಕಿದರೆ ಸದ್ದು ಮಾಡುವ ತಟ್ಟೆ. ಬೇರೆ ದಿನವಾಗಿದ್ದರೆ ಲ್ಯಾನ್ಸ್‌ಲೊಟ್ ಒಂದೊಂದನ್ನೂ ಕೂತು ಓದುತ್ತಿದ್ದ. ಫಿಟ್ಟರ್ ಕೈ ಅವನದು, ಚಿಲಕದ ಚಿತ್ರ ಕಂಡರೆ ಬೆರಳು ತುರಿಸುತ್ತಿತ್ತು. ಈಗ ಎಲ್ಲದರ ಮೇಲೂ ಸಿಟ್ಟು ಬಂತು. ಚಿಲಕ ಮಾಡಿದವನ ಹೆಸರಿದೆ, ಬೋನು ಮಾಡಿದವನ ಹೆಸರಿದೆ, ನಮ್ಮವನದು ಮಾತ್ರ ಯಾಕಿಲ್ಲ?

ಮಧ್ಯಾಹ್ನ ಮೂರರ ಹೊತ್ತಿಗೆ ಪರದೆಯ ಮೇಲೆ ಕಿವಿ ಬಂತು.

ಅದೇ ಹೆಂಚು. ಅದೇ ಬಳೆ, ಅದೇ ಓರೆ, ಒಳಗೆ ತಂತಿ ಹೋಗುವ ದಾರಿಗೆ ಚುಕ್ಕೆ ಚುಕ್ಕೆ ಗೆರೆ. ಲ್ಯಾನ್ಸ್‌ಲೊಟ್ ಹಿಡಿಕೆ ಬಿಟ್ಟ. ಮೇಲೆ ಅರ್ಜಿದಾರನ ಹೆಸರು, ಆರ್ಥರ್ ಪೆಂಬ್ರಿಜ್, ಮಂಗಳೂರು. ಅಂತೂ ಆ ಮನುಷ್ಯನಿಗೂ ಒಂದು ಹೆಸರಿತ್ತು. ಈ ಹೆಂಚಿನ ನಿಜವಾದ ಮತ್ತು ಮೊದಲ ಆವಿಷ್ಕಾರಕ ನಾನೇ ಎಂದು ಅವನು ಬರೆದುಕೊಟ್ಟಿದ್ದ.

"ಕೆಳಗಡೆ ನೋಡಿ ಸಾರ್," ಎಂದರು ಮೂರ್ತಿ. ಅವರ ದನಿ ಬದಲಾಗಿತ್ತು. "ಆಗಿನ ಕಾಲದಲ್ಲಿ ಚಿತ್ರದ ಕೆಳಗೆ ಸಾಕ್ಷಿ ಸೈನ್ ಹಾಕಿಸ್ತಿದ್ರು. ಪಟ್ಟೀಲಿ ಆ ಹೆಸರುಗಳು ಬರೋದೇ ಇಲ್ಲ."

ಪುಟದ ಬುಡದಲ್ಲಿ, ಸಾಕ್ಷಿ ಎಂದು ಅಚ್ಚಾದ ಕಡೆ, ಒಂದು ರುಜು. ಎಸ್. ಕುಟಿನ್ಹೊ. ಎಸ್‌ನ ಬಾಲ ಉದ್ದಕ್ಕೆ ಇಳಿದು ಉಳಿದ ಅಕ್ಷರಗಳ ಕೆಳಗೆಲ್ಲ ಹರಿದಿತ್ತು.

ಲ್ಯಾನ್ಸ್‌ಲೊಟ್ ಅತ್ತ. ಸಂತೋಷಕ್ಕಲ್ಲ. ಅಜ್ಜನ ಹೆಸರು ಇತ್ತು, ಆದರೆ ಎಲ್ಲಿ? ಇದು ಸಾಹೇಬನದೇ ಎಂದು ಅಜ್ಜ ತಾನೇ ರುಜು ಹಾಕಿ ಕೊಟ್ಟಿದ್ದರು. ಕದ್ದರು ಕದ್ದರು ಎಂದು ಅಪ್ಪ ಜೀವಮಾನವಿಡೀ ಹೇಳಿಕೊಂಡು ಬಂದದ್ದಕ್ಕೆ ಅಜ್ಜನ ಕೈಯೇ ಅಡ್ಡ ನಿಂತಿತ್ತು. ಮೂರ್ತಿ ಕಾಗದದ ಪ್ರತಿ ತೆಗೆದುಕೊಟ್ಟು, "ಇದ್ದದ್ದನ್ನ ಇದ್ದ ಹಾಗೆ ಹೇಳ್ಬಿಡಿ ಸಾರ್" ಎಂದರು. ಲ್ಯಾನ್ಸ್‌ಲೊಟ್ ತಲೆಯಾಡಿಸಿದ. ವಾಪಸು ರೈಲಿನಲ್ಲಿ ಹನ್ನೊಂದು ಗಂಟೆ ಅದನ್ನೇ ಯೋಚಿಸಿದ. ಸಾಯುತ್ತಿರುವ ಮನುಷ್ಯನಿಗೆ ನಿನ್ನಪ್ಪನೇ ಬರೆದುಕೊಟ್ಟ ಎಂದು ಹೇಗೆ ಹೇಳುವುದು? ಸಿಡ್ನಿ ಬರುವಷ್ಟರಲ್ಲಿ ಅವನು ಏನು ಹೇಳಬೇಕೆಂದು ತೀರ್ಮಾನಿಸಿ ಆಗಿತ್ತು.

ಬೊನಿಫಾಸ್ ಹೆಂಚನ್ನು ಎದೆಯ ಪಕ್ಕ ಇಟ್ಟುಕೊಂಡು ಮಲಗಿದ್ದರು. ಮಗನ ಹೆಜ್ಜೆ ಕೇಳಿದ್ದೇ ಕೈ ಚಾಚಿದರು.

"ಸಿಕ್ಕಿತಾ?"

"ಸಿಕ್ಕಿತು ಪಪ್ಪಾ."

"ಅಪ್ಪನ ಹೆಸರು?"

"ಉಂಟು."

ಮುದುಕರ ಕುರುಡು ಕಣ್ಣಿನಿಂದ ನೀರು ಇಳಿಯಿತು. ಮಗನ ಕೈಯನ್ನು ಅವರು ಎಂದೂ ಹಿಡಿಯದಷ್ಟು ಬಿಗಿಯಾಗಿ ಹಿಡಿದುಕೊಂಡರು. ಅಲ್ಲಿಗೆ ನಿಲ್ಲಿಸಿದ್ದರೆ ಆಗಿತ್ತು. ಆದರೆ ಅವರು ಕೇಳಿದರು.

"ಎಲ್ಲಿ ಉಂಟು? ಮೇಲೆಯಾ, ಕೆಳಗಾ?"

"ಮೇಲೆ ಪಪ್ಪಾ. ಎಲ್ಲಕ್ಕಿಂತ ಮೇಲೆ. ದೊಡ್ಡ ಅಕ್ಷರದಲ್ಲಿ."

ಹಿಡಿದ ಕೈ ಸಡಿಲವಾಯಿತು. ಆಮೇಲೆ ಬಿಟ್ಟೇಹೋಯಿತು.

"ಹಾಗಾದರೆ ಅದು ಅಲ್ಲ," ಎಂದರು ಬೊನಿಫಾಸ್. "ಅಪ್ಪ ಹಾಕಿದ್ದು ಕೆಳಗೆ."

ಬಾಗಿಲಲ್ಲಿ ನಿಂತಿದ್ದ ಲೂರ್ಡ್ಸ್ ಬಾಯಿಗೆ ಕೈ ಅಡ್ಡ ಹಿಡಿದಳು.

"ಸಾಯುವಾಗ ನನಗೊಬ್ಬನಿಗೇ ಹೇಳಿದ್ದು. ಆ ಮನುಷ್ಯ ಕೆಳಗೆ ಸೈನ್ ಹಾಕು ಅಂದನಂತೆ, ಹಾಕಿದೆ ಅಂದ್ರು. ಹಾಕದಿದ್ದರೆ ಕೆಲಸ ಹೋಗ್ತಿತ್ತು. 'ಸಾಕ್ಷಿ ಅಂದರೆ ಕಣ್ಣಾರೆ ನೋಡಿದವ ಅಲ್ಲವಾ ಬೊನಿ? ಅದನ್ನು ಮೊದಲು ನೋಡಿದವ ನಾನೇ. ನನ್ನ ಹೆಸರು ಅಲ್ಲಿ ಉಂಟು, ಅಳಿಸಲಿಕ್ಕೆ ಅವರಿಂದ ಆಗುವುದಿಲ್ಲ' ಅಂದ್ರು. ನಾಚಿಕೆ ಆಗಿ ನಾನು ಯಾರಿಗೂ ಹೇಳಲಿಲ್ಲ. ಅದು ನಿಜವಾ, ಸಮಾಧಾನಕ್ಕೆ ಹೇಳಿದ್ದಾ, ಅಷ್ಟೇ ನನಗೆ ಗೊತ್ತಾಗಬೇಕಿತ್ತು."

ಲ್ಯಾನ್ಸ್‌ಲೊಟ್ ಮತ್ತೆ ಅವರ ಕೈ ಹಿಡಿದುಕೊಂಡ. "ಕೆಳಗೇ ಉಂಟು ಪಪ್ಪಾ! ದೇವರಾಣೆ ಕೆಳಗೇ ಉಂಟು. ನಿಮಗೆ ಬೇಜಾರಾಗಬಾರದು ಅಂತ ಮೇಲೆ ಅಂದೆ."

"ಈಗ ಕೆಳಗಾಯಿತಾ?"

"ಎಸ್‌ನ ಬಾಲ ಉದ್ದ ಉಂಟು ಪಪ್ಪಾ, ಹೀಗೆ—"

"ಆ ಎಸ್ ಹೆಂಚಿನಲ್ಲೇ ಉಂಟಲ್ಲ. ಸಣ್ಣಂದಿನಿಂದ ನೋಡಿದ್ದೀ."

ಮೂರ್ತಿಗೆ ಫೋನ್ ಮಾಡಿ ಮುದುಕರ ಕಿವಿಗೆ ಹಿಡಿದ. "ಅಂಕಲ್, ನಾನೇ ಕಣ್ಣಾರೆ ನೋಡಿದ್ದೀನಿ, ಕೆಳಗಡೆನೇ ಇದೆ" ಎಂದು ಮೂರ್ತಿ ಕೂಗಿ ಹೇಳಿದರು. ಬೊನಿಫಾಸ್ ಥ್ಯಾಂಕ್ಸ್ ಎಂದರು, ಮರ್ಯಾದೆಯಿಂದ. ಫೋನ್ ಇಟ್ಟ ಮೇಲೆ, "ಪಾಪ, ಅವರ ಹತ್ತಿರವೂ ಯಾಕೆ ಸುಳ್ಳು ಹೇಳಿಸಿದಿ" ಎಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದರೆ ಲ್ಯಾನ್ಸ್‌ಲೊಟ್‌ಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಕಾಗದವನ್ನು ಅಪ್ಪನ ಕೈಗೆ ಕೊಟ್ಟ. ಅವರು ಮೇಲಿಂದ ಕೆಳಗಿನ ತನಕ ಬೆರಳಾಡಿಸಿದರು. ಕಾಗದ ನುಣ್ಣಗಿತ್ತು.

ಮರುದಿನ ಬೆಳಿಗ್ಗೆ ಲ್ಯಾನ್ಸ್‌ಲೊಟ್ ಅಡುಗೆಮನೆಯ ಮೇಜಿನಲ್ಲಿ ಕೂತು, ಲೂರ್ಡ್ಸ್‌ಳ ಹೊಲಿಗೆ ಸೂಜಿ ತೆಗೆದುಕೊಂಡು, ಕಾಗದವನ್ನು ಮಗುಚಿ ಕಿಟಕಿ ಬೆಳಕಿಗೆ ಹಿಡಿದು, ರುಜುವಿನ ಗೆರೆಯುದ್ದಕ್ಕೂ ಹಿಂದಿನಿಂದ ಚುಚ್ಚಿದ. ಒಂದು ಕೂದಲೆಳೆಯಷ್ಟೂ ಆಚೀಚೆ ಆಗದ ಹಾಗೆ, ಉಸಿರು ಬಿಗಿಹಿಡಿದು. ಎಸ್, ಅದರ ಬಾಲ, ಕುಟಿನ್ಹೊ. ಒಂದೂವರೆ ಗಂಟೆ ಹಿಡಿಯಿತು. ಆಮೇಲೆ ಅಪ್ಪನ ಬೆರಳು ಹಿಡಿದು ಆ ಉಬ್ಬಿನ ಮೇಲೆ ಇಟ್ಟ.

ಬೆರಳು ಎಸ್‌ನ ಮೇಲೆ ಹತ್ತಿ ಇಳಿಯಿತು, ಬಾಲದ ಗುಂಟ ಕೊನೆಯ ತನಕ ಹೋಯಿತು, ಅಲ್ಲಿ ನಿಂತಿತು. ಐವತ್ತು ವರ್ಷ ಅಚ್ಚು ಕೊರೆದ ಕೈ.

"ಚಂದ ಆಗಿದೆ," ಎಂದರು ಬೊನಿಫಾಸ್. "ನೀನೇ ಚುಚ್ಚಿದ್ದಾ?"

"ಹೌದು ಪಪ್ಪಾ. ಆದರೆ ಅಜ್ಜ ಬರೆದದ್ದರ ಮೇಲೆಯೇ—"

"ಇರಲಿ ಮಗಾ," ಎಂದು ಅವರು ಮಗನ ಕೈಯ ಮೇಲೆ ಮೆತ್ತಗೆ ತಟ್ಟಿದರು, ತಪ್ಪು ಮಾಡಿದ ಮಗುವನ್ನು ಸಮಾಧಾನ ಮಾಡುವ ಹಾಗೆ. "ನೀನು ಒಳ್ಳೆಯವ."

ನಾಲ್ಕನೆಯ ದಿನ ಅವರು ತೀರಿಕೊಂಡರು. ತನ್ನ ಅಪ್ಪ ಹೇಳಿದ್ದು ನಿಜವಲ್ಲ ಎಂದೇ ನಂಬಿಕೊಂಡು ಹೋದರು.

ಟೂಂಗಾಬಿಯ ಆ ಮನೆಗೆ ಈಗಲೂ ಯಾರಾದರೂ ಊಟಕ್ಕೆ ಹೋದರೆ ಹೆಂಚು ಮೇಜಿನ ಮೇಲೆ ಬರುತ್ತದೆ. ಜೊತೆಗೆ ಸೂಜಿಯಿಂದ ಚುಚ್ಚಿದ ಒಂದು ಕಾಗದವೂ ಬರುತ್ತದೆ. ಯಾರೂ ನಗುವುದಿಲ್ಲ. ಸಾರು ಹೇಗಿದೆ ಎಂದು ಕೇಳಿದರೆ ಲ್ಯಾನ್ಸ್‌ಲೊಟ್ ಈಗ ಉಪ್ಪು ಕಡಿಮೆ ಎಂದು ಹೇಳುತ್ತಾನೆ. ಆಮೇಲೆ ಬಂದವರ ಬೆರಳನ್ನು ಕಾಗದದ ಬುಡಕ್ಕೆ ಇಟ್ಟು, "ಇಲ್ಲಿ ನೋಡಿ, ಕೆಳಗುಂಟು. ನಾನು ಮೇಲೆ ಅಂದೆ" ಎನ್ನುತ್ತಾನೆ.