ಎಲ್ಲವೂ ವೇಳೆಗೆ ಸರಿ

ನನ್ನ ಗಂಡ ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಟೈಂಕೀಪರ್ ಆಗಿದ್ದರು. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೊರಟಿತು ಎಂದು ಬರೆದಿಡುವುದು ಅವರ ಕೆಲಸ. ಅಷ್ಟು ವರ್ಷಗಳಲ್ಲಿ ಆ ನಿಲ್ದಾಣಕ್ಕೆ ಒಂದೇ ಒಂದು ಬಸ್ಸೂ ತಡವಾಗಿ ಬರಲಿಲ್ಲ, ಅವರ ಪುಸ್ತಕದ ಪ್ರಕಾರ. ಕಾಲು ಗಂಟೆ ತಡವಾಗಿ ಬಂದ ಡ್ರೈವರ್ ಕಿಟಕಿಯಲ್ಲಿ ಮುಖ ತೂರಿಸಿ, "ಯಜಮಾನ್ರೇ, ಸ್ವಲ್ಪ ನೋಡ್ಕೊಳ್ಳಿ" ಅಂದರೆ ಮುಗಿಯಿತು. "ಪಾಪ, ರಸ್ತೆ ಕೆಟ್ಟಿದ್ರೆ ಅವನೇನ್ ಮಾಡ್ತಾನೆ?" ಎನ್ನುತ್ತಾ 'ವೇಳೆಗೆ ಸರಿ' ಎಂದು ಬರೆದುಬಿಡುವರು. ಡ್ರೈವರುಗಳು ಇವರಿಗೆ ಇಟ್ಟ ಹೆಸರು ಧರ್ಮರಾಯ. ದಿನಬೆಳಗಾದರೆ ಸುಳ್ಳು ಬರೆಯುವವರಿಗೆ ಎಂಥ ಹೆಸರು ನೋಡಿ!

ಪಾರ್ಕಿನ್ಸನ್ಸ್ ರೋಗ ಇವರ ಮೈ ಹೊಕ್ಕದ್ದು ನಮಗೆ ಬೇಗ ತಿಳಿಯಲಿಲ್ಲ. ಒಲೆಯ ಪಕ್ಕದಲ್ಲೇ ಕುಳಿತು ಪೇಪರ್ ಓದುತ್ತಿದ್ದವರಿಗೆ ಹಾಲು ಸೀದು ಕರಕಲಾದರೂ ವಾಸನೆ ಬರಲಿಲ್ಲ. ಬೈದೆ. ದುಂಡಗಿದ್ದ ಅಕ್ಷರ ಇರುವೆ ಸಾಲಿನಂತಾಯಿತು. ಕನ್ನಡಕ ಬದಲಾಯಿಸಿ ಎಂದು ಬೈದೆ. ಮುಖದಲ್ಲಿ ನಗು ಕಾಣೆಯಾಯಿತು. ರಿಟೈರ್ ಆದ ಮೇಲೆ ಬಿಗುಮಾನ ಬಂದಿದೆ ಎಂದುಕೊಂಡು ಎರಡು ದಿನ ಮಾತು ಬಿಟ್ಟೆ. ಆಮೇಲೆ ಬಲಗೈ ನಡುಗತೊಡಗಿತು, ಆಸ್ಪತ್ರೆಗೆ ಕರೆದೊಯ್ದೆ. ನಾನು ಅಷ್ಟು ದಿನ ಬೈದದ್ದು ಇವರನ್ನಲ್ಲ, ರೋಗವನ್ನು ಎಂದು ಆಗ ಗೊತ್ತಾಯಿತು.

"ಯಾಕೆ ಬರುತ್ತೆ ಡಾಕ್ಟರೇ ಇದು?" ಎಂದು ಕೇಳಿದೆ.

"ಮೆದುಳಲ್ಲಿ ಡೋಪಮೈನ್ ಅನ್ನೋ ರಾಸಾಯನಿಕ ತಯಾರಿಸೋ ಜೀವಕೋಶಗಳು ಸಾಯ್ತಾ ಹೋಗ್ತವೆ. ಅದಕ್ಕೇ ಮೈ ಹೇಳಿದ ಮಾತು ಕೇಳಲ್ಲ."

"ಅವು ಯಾಕೆ ಸಾಯ್ತವೆ? ಬಸ್ಸಿನ ಹೊಗೆ ಕುಡಿದೂ ಕುಡಿದೂ ಹೀಗಾಯ್ತಾ?"

"ಇರಬಹುದು, ಇಲ್ಲದೆಯೂ ಇರಬಹುದು. ಅದನ್ನೇ ಹುಡುಕ್ತಾ ಇದ್ದೀವಿ."

ಇಷ್ಟು ಓದಿದವರು ಇನ್ನೂ ಹುಡುಕುತ್ತಿದ್ದಾರಂತೆ! ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಅದೇ ಆಸ್ಪತ್ರೆಯಲ್ಲಿ ಹೊಸ ಮಾತ್ರೆಯ ಪರೀಕ್ಷೆ ನಡೆಯುತ್ತಿತ್ತು. ಇವರೂ ಸೇರಿದರು. ನರ್ಸ್ ಒಂದು ಹಾಳೆಯ ಕಟ್ಟು ಕೊಟ್ಟಳು. ಬೆಳಗಿನಿಂದ ಸಂಜೆಯವರೆಗೆ ಪ್ರತಿ ಅರ್ಧ ಗಂಟೆಗೊಮ್ಮೆ ಗುರುತು ಹಾಕಬೇಕು: ಸಲೀಸಾಗಿ ಓಡಾಡಿದೆ, ಬಿಗಿದುಕೊಂಡಿದ್ದೆ, ಮಲಗಿದ್ದೆ. ಮೂರು ತಿಂಗಳ ಹಾಳೆ ನೋಡಿ ಮಾತ್ರೆಯ ಪ್ರಮಾಣ ಗೊತ್ತುಮಾಡಿದರೆ ಒಂದು ವರ್ಷ ಅದನ್ನು ಬದಲಾಯಿಸುವ ಹಾಗಿಲ್ಲ. ಬರೆಯುವ ಕೆಲಸ ಸಿಕ್ಕಿತೆಂದು ಇವರಿಗೆ ಖುಷಿಯೋ ಖುಷಿ. ನನಗೆ ಮುಟ್ಟಲೂ ಕೊಡಲಿಲ್ಲ.

ಮನೆಯಲ್ಲಿ ನಡೆಯುತ್ತಿದ್ದದ್ದೇ ಬೇರೆ. ಬಚ್ಚಲಿನ ಬಾಗಿಲ ಬಳಿ ಬಂದರೆ ಕಾಲು ನೆಲಕ್ಕೆ ಮೊಳೆ ಹೊಡೆದಂತೆ ನಿಂತುಬಿಡುವುದು. ನರ್ಸ್ ಹೇಳಿಕೊಟ್ಟಂತೆ ನೆಲಕ್ಕೆ ಬಣ್ಣದ ಟೇಪಿನ ಪಟ್ಟಿ ಅಂಟಿಸಿದೆ. ಗೆರೆ ಕಂಡರೆ ದಾಟುವರು. ಕೆಲವು ಸಲ ಅದೂ ಇಲ್ಲ. ಅಡುಗೆಮನೆಯ ಹೊಸಿಲಲ್ಲಿ ಎರಡು ಸಲ ಬಿದ್ದರು. ಎತ್ತಲು ನಾನೇ ಇದ್ದೆನಲ್ಲ.

ಮೂರು ತಿಂಗಳಾದ ಮೇಲೆ ನರ್ಸ್ ಹಾಳೆಗಳನ್ನು ತಿರುವಿ ಹಾಕಿ, "ಸಾರ್ ಎಷ್ಟು ಚೆನ್ನಾಗಿದ್ದಾರೆ ಅಮ್ಮ! ಡೋಸ್ ಏರಿಸೋದೇ ಬೇಡ" ಎಂದಳು.

ನಾನು ಹಾಳೆ ಕಿತ್ತುಕೊಂಡು ನೋಡಿದೆ. ಎಲ್ಲ ದಿನವೂ, ಎಲ್ಲ ಅರ್ಧ ಗಂಟೆಯೂ, 'ಸಲೀಸು'! ಬಿದ್ದ ದಿನವೂ ಸಲೀಸು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಇದಕ್ಕೇ. ಮೈಯೆಲ್ಲ ಉರಿದುಹೋಯಿತು. ಇವರ ಅಂಗಿಯ ತೋಳು ಮೇಲೆತ್ತಿ ಮೊಣಕೈಯ ಹಸಿರುಗಟ್ಟಿದ ಪೆಟ್ಟನ್ನು ನರ್ಸ್ ಎದುರು ಹಿಡಿದೆ.

"ಏನ್ರೀ ಇದು? ಹೀಗಾ ಬರೆಯೋದು?"

ಇವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ತಗ್ಗಿದ ದನಿಯಲ್ಲಿ ನಿಧಾನವಾಗಿ ಹೇಳಿದರು: "ಈ ಮಗು ಎಷ್ಟು ಓಡಾಡುತ್ತೆ ನೋಡೇ. ಇವಳ ಮಾತ್ರೆ ಕೆಲಸ ಮಾಡ್ಲಿಲ್ಲ ಅಂತ ಬರೆದ್ರೆ ಮೇಲಿನವರು ಇವಳನ್ನ ಸುಮ್ನೆ ಬಿಡ್ತಾರಾ?"

ಊರಿಗೆ ಉಪಕಾರಿ, ಮನೆಗೆ ಮಾರಿ!

ನರ್ಸ್ ಕುರ್ಚಿಯನ್ನು ಇವರ ಹತ್ತಿರಕ್ಕೆ ಎಳೆದುಕೊಂಡಳು. "ಸಾರ್, ನನ್ನನ್ನ ಯಾರೂ ಬೈಯಲ್ಲ. ಆದ್ರೆ ಎಲ್ಲರೂ ನಿಮ್ಮ ಹಾಗೇ ಬರೆದ್ರೆ ಕಡಿಮೆ ಡೋಸೇ ಸಾಕು ಅಂತ ಆಗುತ್ತೆ. ನಿಮ್ಮಂಥ ಎಷ್ಟೋ ಜನ ಬೀಳ್ತಾರೆ."

ನರ್ಸ್ ಡಾಕ್ಟರನ್ನು ಕೇಳಿ ಬಂದು, ಹಳೆಯ ಹಾಳೆಗಳನ್ನು ಬದಿಗಿಟ್ಟು, ಇನ್ನೊಂದು ವಾರ ಬರೆಯಲು ಅವಕಾಶ ಕೊಟ್ಟಳು. ನಿಜ ಬರೆಯದಿದ್ದರೆ ವರ್ಷವಿಡೀ ಇದೇ ಗತಿ.

ಆ ವಾರ ಗಡಿಯಾರದ ಎದುರು ನಾನೇ ಕುಳಿತೆ. ಅರ್ಧ ಗಂಟೆಗೊಂದು ಜಗಳ.

"ಹತ್ತೇ ನಿಮಿಷ ನಿಂತಿದ್ದು. ಬಿಟ್ಬಿಡೇ."

"ಇಪ್ಪತ್ತೆರಡು ನಿಮಿಷ. ಬಿಡಲ್ಲ."

"ನೀನೊಬ್ಬಳು ಇನ್ಸ್‌ಪೆಕ್ಟರ್!"

ವಾರದ ಕೊನೆಗೆ ಎಣಿಸಿದರೆ ದಿನಕ್ಕೆ ಐದು ಗಂಟೆ ಬಿಗಿತ. ಡಾಕ್ಟರ್ ನೋಡಿ ಪ್ರಮಾಣ ಏರಿಸಿದರು. ಮಾತ್ರೆಯನ್ನು ಹಾಲಿನ ಜೊತೆ ನುಂಗುವುದನ್ನು ನಿಲ್ಲಿಸಿ, ಊಟಕ್ಕೆ ಮುಕ್ಕಾಲು ಗಂಟೆ ಮೊದಲೇ ಕೊಡಿ ಎಂದರು. ಗೆದ್ದೆ ಎಂದುಕೊಂಡು ಚೀಲ ಹೆಗಲಿಗೆ ಹಾಕಿಕೊಂಡೆ.

"ಅಮ್ಮ, ಒಂದು ನಿಮಿಷ. ಇದು ನಿಮಗೆ" ಎಂದು ನರ್ಸ್ ಇನ್ನೊಂದು ಹಾಳೆ ಕೊಟ್ಟಳು. ರೋಗಿಯನ್ನು ನೋಡಿಕೊಳ್ಳುವವರ ಬಗ್ಗೆ. ನಿದ್ದೆ ಬರುತ್ತದೆಯೇ, ನೋವಿದೆಯೇ, ಹೊತ್ತಿಗೆ ಸರಿಯಾಗಿ ಉಣ್ಣುತ್ತೀರಾ? ಇದನ್ನೆಲ್ಲ ಕಟ್ಟಿಕೊಂಡು ಆಸ್ಪತ್ರೆಯವರಿಗೇನಾಗಬೇಕು? ನಿಂತಲ್ಲೇ ಸರಸರ ಗುರುತು ಹಾಕಿದೆ. ನಿದ್ದೆ ಸರಿ, ಊಟ ಸರಿ, ನೋವಿಲ್ಲ.

ಇವರು ಕೈ ಚಾಚಿದರು. "ಪೆನ್ನು ಕೊಡೇ."

"ಬನ್ನಿ ಸಾಕು, ಹಿಂದೆ ಜನ ಕಾಯ್ತಿದ್ದಾರೆ."

ಚಾಚಿದ ಕೈ ಹಿಂದಕ್ಕೆ ಹೋಗಲಿಲ್ಲ; ಕೊಡದೆ ವಿಧಿಯಿರಲಿಲ್ಲ. ಎಡಗೈಯಿಂದ ಬಲಗೈ ಅದುಮಿ ಹಿಡಿದು ಮೂರು ಸಾಲು ಬರೆಯಲು ಇವರಿಗೆ ಐದು ನಿಮಿಷ ಹಿಡಿಯಿತು. ಅಕ್ಷರ ಅಷ್ಟು ಸಣ್ಣ. ನರ್ಸ್ ಕಣ್ಣಿನ ಹತ್ತಿರ ಹಿಡಿದು ಗಟ್ಟಿಯಾಗಿ ಓದಿದಳು: "ನನ್ನನ್ನು ಎತ್ತಿ ಎತ್ತಿ ಇವಳ ಎಡಭುಜ ಹೋಗಿದೆ. ತಲೆ ಬಾಚಿಕೊಳ್ಳಲು ಆಗುತ್ತಿಲ್ಲ. ಹೇಳುವುದಿಲ್ಲ."

ನಾನು ಯಾರಿಗೂ ಹೇಳಿರಲಿಲ್ಲ. ಆ ಬಿಗಿದ ಮುಖದ ಹಿಂದಿನಿಂದ ಇವರು ಇಷ್ಟು ದಿನ ನನ್ನನ್ನು ನೋಡುತ್ತಲೇ ಇದ್ದರು. ಬೈಯಲು ಬಾಯಿ ತೆರೆದೆ.

"ಕೈ ಮೇಲೆತ್ತಿ ಅಮ್ಮ, ನೋಡೋಣ" ಎಂದಳು ನರ್ಸ್.

ಎತ್ತಿದೆ. ಕಿವಿಯವರೆಗೂ ಹೋಗಲಿಲ್ಲ.